ಮಕ್ಕಳ ಲಸಿಕೆ ಮತ್ತು ಬ್ಯಾಕ್ಟೀರಿಯಾ ಮೆನಿಂಜೈಟಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೆನಿಂಜೈಟಿಸ್ ಎಂದರೇನು? ಅದಕ್ಕೆ ಒಂದೇ ಲಸಿಕೆ ಸಾಕೇ?

ಮಿದುಳು ಮತ್ತು ಬೆನ್ನುಹುರಿಯ ಸುತ್ತ ಮೂರು ತೆಳುವಾದ ಪೊರೆಗಳಿವೆ. ಆ ಪೊರೆಗಳು ಸೋಂಕಿನಿಂದ ಊದಿಕೊಳ್ಳುವುದೇ ಮೆನಿಂಜೈಟಿಸ್. ವೈರಸ್, ಶಿಲೀಂಧ್ರ, ಕ್ಷಯದ ರೋಗಾಣು, ಬ್ಯಾಕ್ಟೀರಿಯಾ ಹೀಗೆ ಕಾರಣಗಳು ಹಲವು. ವೈರಸ್‌ನಿಂದ ಬಂದದ್ದು ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಬ್ಯಾಕ್ಟೀರಿಯಾದಿಂದ ಬಂದದ್ದು ಹಾಗಲ್ಲ. ಬೆಳಿಗ್ಗೆ ಆಡುತ್ತಿದ್ದ ಮಗು ರಾತ್ರಿಯ ಹೊತ್ತಿಗೆ ಪ್ರಜ್ಞೆ ತಪ್ಪಿರಬಹುದು.

ಒಂದೆರಡು ತಿಂಗಳು ದಾಟಿದ ಮಕ್ಕಳಲ್ಲಿ ಈ ರೋಗವನ್ನು ತರುವ ಬ್ಯಾಕ್ಟೀರಿಯಾಗಳಲ್ಲಿ ಮೂರು ಮುಖ್ಯ: ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ, ಅಂದರೆ ವೈದ್ಯರು ಚಿಕ್ಕದಾಗಿ ಹಿಬ್ ಎನ್ನುವುದು, ನ್ಯುಮೋಕಾಕಸ್, ಮತ್ತು ಮೆನಿಂಗೊಕಾಕಸ್. ಮೂರೂ ಆರೋಗ್ಯವಂತರ ಮೂಗು, ಗಂಟಲುಗಳಲ್ಲಿ ಸದ್ದಿಲ್ಲದೆ ನೆಲೆಸಬಲ್ಲವು. ಕೆಮ್ಮು, ಸೀನು, ಹತ್ತಿರದ ಒಡನಾಟದ ಮೂಲಕ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ. ಕೆಲವರಲ್ಲಿ ಮಾತ್ರ ಗಂಟಲಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿನ ಪೊರೆಗೆ ನುಗ್ಗುತ್ತವೆ.

ಮೂರಕ್ಕೂ ಬೇರೆ ಬೇರೆ ಲಸಿಕೆಗಳಿವೆ. ಆದ್ದರಿಂದ “ಮೆನಿಂಜೈಟಿಸ್ ಲಸಿಕೆ ಆಗಿದೆ” ಎಂದರೆ ಸಾಲದು, ಯಾವ ರೋಗಾಣುವಿನ ವಿರುದ್ಧ ಆಗಿದೆ ಎಂದು ಕೇಳಬೇಕು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದ ಮೇಲೆಯೇ ನಿಂತಿವೆ.

ಒಳ್ಳೆಯ ಆಂಟಿಬಯೋಟಿಕ್‌ಗಳು ಇರುವಾಗ ಲಸಿಕೆಯ ಅಗತ್ಯವೇನು?

ಔಷಧ ಇದ್ದೂ ಕೈಮೀರುವ ರೋಗ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಬಂದ ಸುಮಾರು ಆರು ಜನರಲ್ಲಿ ಒಬ್ಬರು ಸಾಯುತ್ತಾರೆ, ಐವರಲ್ಲಿ ಒಬ್ಬರಿಗೆ ಗಂಭೀರ ತೊಂದರೆಗಳು ಉಳಿಯುತ್ತವೆ.

ರೋಗವನ್ನು ಖಚಿತಪಡಿಸಿಕೊಳ್ಳಲು ವೈದ್ಯರು ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ತಾಗುವಂತೆ ಬಾಗಿಸಿ, ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಗಳ ನಡುವೆ ತೆಳು ಸೂಜಿ ಹಾಕಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿರುವ ದ್ರವದ ಕೆಲವು ಹನಿ ತೆಗೆಯುತ್ತಾರೆ. ಆರೋಗ್ಯವಂತ ಮಗುವಿನಲ್ಲಿ ಅದು ಶುದ್ಧ ನೀರಿನಷ್ಟು ತಿಳಿಯಾಗಿರುತ್ತದೆ. ಬ್ಯಾಕ್ಟೀರಿಯಾ ಸೋಂಕಿದ್ದರೆ ಆ ಹನಿಗಳು ಮಸುಕಾಗಿ, ಕದಡಿಕೊಂಡು ಬೀಳುತ್ತವೆ. ಅಷ್ಟು ಹೊತ್ತಿಗೆ ಉರಿಯೂತ ತನ್ನ ಕೆಲಸ ಶುರು ಮಾಡಿರುತ್ತದೆ. ಆಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಆಗಿಹೋದ ಹಾನಿಯನ್ನು ಮರಳಿ ಸರಿಪಡಿಸಲಾರದು.

ಹೆಚ್ಚು ಪೆಟ್ಟು ತಿನ್ನುವುದು ಕಿವಿ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಭಾಗ ಹಾಳಾಗಿ, ಕೆಲವರಲ್ಲಿ ಅದು ವಾರಗಳೊಳಗೆ ಮೂಳೆಯಂತೆ ಗಟ್ಟಿಯಾಗಲು ಶುರುವಾಗುತ್ತದೆ. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸಲು ನೆರವಾಗುವಂತೆ ಒಳಗಿವಿಯಲ್ಲಿ ಕೂರಿಸುವ ಸಾಧನ, ಅಳವಡಿಸುವುದೂ ಕಷ್ಟ. ಅದಕ್ಕಾಗಿಯೇ ಮೆನಿಂಜೈಟಿಸ್‌ನಿಂದ ಚೇತರಿಸಿಕೊಂಡ ಪ್ರತಿ ಮಗುವಿಗೂ ತಡಮಾಡದೆ ಶ್ರವಣ ಪರೀಕ್ಷೆ ಆಗಲೇಬೇಕು. ಮೂರ್ಛೆರೋಗ, ಕೈಕಾಲುಗಳ ದುರ್ಬಲತೆ, ಕಲಿಕೆಯ ತೊಡಕುಗಳೂ ಉಳಿಯಬಹುದು. ಬದುಕುಳಿದ ಮಕ್ಕಳ ಕಥೆ ಸಾವಿನ ಅಂಕಿಅಂಶಗಳಲ್ಲಿ ಕಾಣುವುದಿಲ್ಲ.

ಲಸಿಕೆಯಿಂದ ರೋಗ ನಿಜವಾಗಿ ಎಷ್ಟು ಕಡಿಮೆಯಾಗಿದೆ?

ಹಿಬ್‌ನಿಂದಲೇ ಆರಂಭಿಸಬೇಕು, ಏಕೆಂದರೆ ಆಧುನಿಕ ವೈದ್ಯಕೀಯದಲ್ಲಿ ಇಷ್ಟು ಸ್ಪಷ್ಟವಾದ ಗೆಲುವುಗಳು ಹೆಚ್ಚಿಲ್ಲ. 1980ರ ದಶಕದ ಅಮೆರಿಕದಲ್ಲಿ ಐದು ವರ್ಷದೊಳಗಿನ ಸುಮಾರು 20,000 ಮಕ್ಕಳಿಗೆ ಪ್ರತಿ ವರ್ಷ ಹಿಬ್‌ನ ಗಂಭೀರ ಸೋಂಕು ತಗುಲುತ್ತಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರುತ್ತಿದ್ದದ್ದು ಮೆನಿಂಜೈಟಿಸ್. ಲೆಕ್ಕ ಹಾಕಿದರೆ, ಐದು ವರ್ಷ ತುಂಬುವುದರೊಳಗೆ 200 ಮಕ್ಕಳಲ್ಲಿ ಒಂದು ಈ ಸೋಂಕಿಗೆ ತುತ್ತಾಗುತ್ತಿತ್ತು. 1987ರ ಕೊನೆಯಲ್ಲಿ ಒಂದೂವರೆ ವರ್ಷ ದಾಟಿದ ಮಕ್ಕಳಿಗೆ ಸುಧಾರಿತ ಲಸಿಕೆ ಬಂತು, 1990ರಲ್ಲಿ ಎರಡು ತಿಂಗಳ ಹಸುಗೂಸುಗಳಿಗೂ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳ ಹಿಬ್ ಸೋಂಕು ಶೇ 99ರಷ್ಟು ಇಳಿಯಿತು.

ಒಂದು ಅಧ್ಯಯನದ ಪ್ರಕಾರ, 1986 ಮತ್ತು 1995ರ ನಡುವೆ ಅಮೆರಿಕದಲ್ಲಿ ಎಲ್ಲ ಬಗೆಯ ಬ್ಯಾಕ್ಟೀರಿಯಾ ಮೆನಿಂಜೈಟಿಸ್ ಒಟ್ಟಾಗಿ ಶೇ 55ರಷ್ಟು ಕಡಿಮೆಯಾಯಿತು. ಇದೇ ಅಧ್ಯಯನದ ಇನ್ನೊಂದು ಅಂಕಿ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ: ರೋಗಿಗಳ ಮಧ್ಯಾಂಕ ವಯಸ್ಸು, ಅಂದರೆ ಅರ್ಧ ರೋಗಿಗಳು ಅದಕ್ಕಿಂತ ಚಿಕ್ಕವರು, ಅರ್ಧ ದೊಡ್ಡವರು ಆಗಿರುವ ವಯಸ್ಸು, 15 ತಿಂಗಳಿನಿಂದ 25 ವರ್ಷಕ್ಕೆ ಏರಿತು. ತೊಟ್ಟಿಲಿನ ಕಾಯಿಲೆಯಾಗಿದ್ದದ್ದು ಒಂದು ದಶಕದೊಳಗೆ ಹೆಚ್ಚಾಗಿ ದೊಡ್ಡವರ ಕಾಯಿಲೆಯಾಯಿತು.

ಶ್ರೀಮಂತ ದೇಶದಲ್ಲಿ ಮಾತ್ರ ಇದು ಸಾಧ್ಯ ಎಂದುಕೊಳ್ಳುವವರು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶವನ್ನು ನೋಡಬೇಕು. ಅಲ್ಲಿ 1990ರ ದಶಕದ ಆರಂಭದಲ್ಲಿ ಒಂದು ವರ್ಷದೊಳಗಿನ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಮಕ್ಕಳಿಗೆ ಹಿಬ್ ಮೆನಿಂಜೈಟಿಸ್ ಬರುತ್ತಿತ್ತು. 1997ರಲ್ಲಿ ಲಸಿಕೆ ಎಲ್ಲ ಮಕ್ಕಳಿಗೂ ಸಿಗುವಂತಾಯಿತು. 2002ರಲ್ಲಿ, ನಿಗಾ ಇಟ್ಟಿದ್ದ ಪ್ರದೇಶದಲ್ಲಿ, ಆ ಸಂಖ್ಯೆ ಸೊನ್ನೆ. ಲಸಿಕೆ ಪೂರೈಕೆ ಆಗಾಗ ಏರುಪೇರಾಗುತ್ತಿದ್ದರೂ ಬಂದ ಫಲಿತಾಂಶ ಇದು.

ಇಡೀ ಜಗತ್ತಿನ ಲೆಕ್ಕದಲ್ಲಿ, ಎಲ್ಲ ಕಾರಣಗಳ ಮೆನಿಂಜೈಟಿಸ್‌ನಿಂದ 1990ರಲ್ಲಿ ಸುಮಾರು 4,33,000 ಜನ ಸತ್ತರೆಂಬ ಅಂದಾಜಿದೆ. 2019ಕ್ಕೆ ಅದು ಸುಮಾರು 2,36,000. ಈ ಅವಧಿಯಲ್ಲಿ ಜನಸಂಖ್ಯೆ ಹೆಚ್ಚಿದ್ದನ್ನೂ ನೆನಪಿಡಿ. ಆದರೂ ಉಳಿದಿರುವ ಸಂಖ್ಯೆ ದೊಡ್ಡದೇ.

ಸ್ವಚ್ಛತೆ, ಆಹಾರ, ಆಸ್ಪತ್ರೆಗಳು ಸುಧಾರಿಸಿದ್ದರಿಂದಲೇ ಇದು ಇಳಿದಿರಬಹುದಲ್ಲವೇ?

ನ್ಯಾಯವಾದ ಪ್ರಶ್ನೆ. ಬದುಕು ಸುಧಾರಿಸಿದ್ದೇ ಕಾರಣವಾಗಿದ್ದರೆ ಮೂರೂ ರೋಗಾಣುಗಳು ಒಟ್ಟಿಗೆ ಇಳಿಯಬೇಕಿತ್ತು. ನಡೆದದ್ದು ಬೇರೆ. ಮೇಲೆ ಹೇಳಿದ 1986–1995ರ ಅವಧಿಯಲ್ಲಿ ಹಿಬ್ ಮೆನಿಂಜೈಟಿಸ್ ಶೇ 94ರಷ್ಟು ಕುಸಿಯಿತು. ಹಸುಗೂಸುಗಳಿಗೆ ಲಸಿಕೆ ಇನ್ನೂ ಬಂದಿರದ ನ್ಯುಮೋಕಾಕಸ್ ಮತ್ತು ಮೆನಿಂಗೊಕಾಕಸ್‌ಗಳಲ್ಲಿ ಅಂಥ ಕುಸಿತ ಆಗಲಿಲ್ಲ. ನ್ಯುಮೋಕಾಕಸ್ ಇಳಿಯಲು ಶುರುವಾದದ್ದು 2000ದಲ್ಲಿ ಅದರ ಲಸಿಕೆ ಬಂದ ಮೇಲೆ. ಮೆನಿಂಗೊಕಾಕಸ್‌ನಲ್ಲಿ ಎ, ಬಿ, ಸಿ ಎಂಬಂತೆ ಹಲವು ಗುಂಪುಗಳಿವೆ. ಬ್ರಿಟನ್ 1999ರಲ್ಲಿ ಅದರ ಸಿ ಗುಂಪಿನ ಲಸಿಕೆ ತಂದಾಗ ಸಿ ಗುಂಪಿನ ರೋಗ ಬೇಗನೆ ಕುಸಿಯಿತು, ಬಿ ಗುಂಪಿನದು ಅದರೊಂದಿಗೆ ಕುಸಿಯಲಿಲ್ಲ. ಅದೇ ಮನೆಗಳು, ಅದೇ ನೀರು, ಅದೇ ಆಸ್ಪತ್ರೆಗಳು.

ಇಷ್ಟು ಚಿಕ್ಕ ವಯಸ್ಸಿನಲ್ಲೇ ಏಕೆ ಕೊಡಬೇಕು? ಮಗು ಸ್ವಲ್ಪ ದೊಡ್ಡದಾದ ಮೇಲೆ ಕೊಡಬಾರದೇ?

ಕಾಯುವ ತಿಂಗಳುಗಳೇ ಅಪಾಯದ ತಿಂಗಳುಗಳು. ತಾಯಿಯಿಂದ ಬಂದ, ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಹುಟ್ಟಿದ ಕೆಲವು ತಿಂಗಳಲ್ಲಿ ಕರಗುತ್ತವೆ. ಮಗುವಿನ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಇನ್ನೂ ಸಮಯ ಬೇಕು. ಈ ನಡುವಿನ ಅಂತರದಲ್ಲಿಯೇ ಹಿಬ್ ಹೆಚ್ಚು ಮಕ್ಕಳನ್ನು ಹಿಡಿಯುತ್ತಿತ್ತು. 1933ರಷ್ಟು ಹಿಂದೆಯೇ ಫೋದರ್‌ಗಿಲ್ ಮತ್ತು ರೈಟ್ ಎಂಬ ಇಬ್ಬರು ಸಂಶೋಧಕರು, ರಕ್ತದಲ್ಲಿ ಹಿಬ್ ಅನ್ನು ಕೊಲ್ಲುವ ಶಕ್ತಿ ಯಾವ ವಯಸ್ಸಿನಲ್ಲಿ ಕಡಿಮೆಯೋ ಅದೇ ವಯಸ್ಸಿನಲ್ಲಿ ಮೆನಿಂಜೈಟಿಸ್ ಹೆಚ್ಚು ಎಂದು ತೋರಿಸಿದ್ದರು.

ಕಾರಣ ಗೊತ್ತಿದ್ದರೂ ಲಸಿಕೆ ಬರಲು ಅರ್ಧ ಶತಮಾನ ಹಿಡಿಯಿತು. ಈ ಮೂರೂ ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆಯ ಉದ್ದ ಸರಪಳಿಗಳಿಂದ ಆದ ಕವಚವಿದೆ. ಮೊದಲ ಲಸಿಕೆಗಳಲ್ಲಿದ್ದದ್ದು ಆ ಸಕ್ಕರೆ ಮಾತ್ರ. ದೊಡ್ಡವರ ದೇಹ ಅದಕ್ಕೆ ಸ್ಪಂದಿಸುತ್ತದೆ, ಎರಡು ವರ್ಷದೊಳಗಿನ ಮಗುವಿನ ದೇಹ ಬಹುಮಟ್ಟಿಗೆ ಸ್ಪಂದಿಸುವುದಿಲ್ಲ. 1985ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಹಿಬ್ ಲಸಿಕೆ ಇಂಥದ್ದು. ಯಾರಿಗೆ ಅತಿ ಹೆಚ್ಚು ಅಗತ್ಯವಿತ್ತೋ ಅವರಿಗೇ ಅದು ಉಪಯೋಗಕ್ಕೆ ಬರಲಿಲ್ಲ.

ಪರಿಹಾರದ ಸುಳಿವು ಆವರಿ ಮತ್ತು ಗೋಬೆಲ್ ಎಂಬ ವಿಜ್ಞಾನಿಗಳ 1929ರ ಪ್ರಯೋಗಗಳಲ್ಲಿಯೇ ಇತ್ತು: ಸಕ್ಕರೆಯನ್ನು ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಜೋಡಿಸಿದರೆ ದೇಹ ಅದನ್ನು ಗುರುತಿಸುತ್ತದೆ. ಪ್ರೋಟೀನನ್ನು ಕಂಡು ಎಚ್ಚೆತ್ತ, ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳು ಪ್ರತಿಕಾಯ ತಯಾರಿಸುವ ಬಿ ಕಣಗಳಿಗೆ ನೆರವಾಗುತ್ತವೆ, ಅದರ ನೆನಪೂ ದೇಹದಲ್ಲಿ ಉಳಿಯುತ್ತದೆ. ಈ ತತ್ವವನ್ನು ಹಿಬ್ ಲಸಿಕೆಯಾಗಿ ಮಾಡಿದವರು ಜಾನ್ ರಾಬಿನ್ಸ್, ರೇಚಲ್ ಶ್ನೀರ್ಸನ್, ಡೇವಿಡ್ ಸ್ಮಿತ್ ಮತ್ತು ಪೋರ್ಟರ್ ಆಂಡರ್ಸನ್. 1996ರಲ್ಲಿ ನಾಲ್ವರಿಗೂ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಸಂದಿತು. ಅವರ ಹೆಸರುಗಳು ಮನೆಮಾತಾಗಿಲ್ಲದಿರುವುದು ನನಗೆ ಬೇಸರದ ಸಂಗತಿ. ಇಂದು ಮಕ್ಕಳಿಗೆ ಕೊಡುವ ಹಿಬ್, ನ್ಯುಮೋಕಾಕಸ್ ಮತ್ತು ಹೆಚ್ಚಿನ ಮೆನಿಂಗೊಕಾಕಸ್ ಲಸಿಕೆಗಳೆಲ್ಲ ಇದೇ ಬಗೆಯವು. ಇವನ್ನು ಕಾಂಜುಗೇಟ್ ಲಸಿಕೆಗಳು ಎನ್ನುತ್ತಾರೆ.

ನ್ಯುಮೋಕಾಕಸ್ ಲಸಿಕೆಯೂ ಹಿಬ್‌ನಷ್ಟೇ ಫಲ ಕೊಟ್ಟಿದೆಯೇ?

ದೊಡ್ಡ ಫಲ ಕೊಟ್ಟಿದೆ, ಆದರೆ ಅಷ್ಟು ಪೂರ್ಣವಾಗಿ ಅಲ್ಲ. ಹಿಬ್‌ನಲ್ಲಿ ಎದುರಿಸಬೇಕಾದದ್ದು ಒಂದೇ ಬಗೆಯ ಕವಚ. ನ್ಯುಮೋಕಾಕಸ್‌ನಲ್ಲಿ ಇದುವರೆಗೆ ಸುಮಾರು 100 ಬಗೆಗಳನ್ನು ಗುರುತಿಸಿದ್ದಾರೆ. 2000ದಲ್ಲಿ ಅಮೆರಿಕದಲ್ಲಿ ಬಂದ ಮೊದಲ ಕಾಂಜುಗೇಟ್ ಲಸಿಕೆಯಲ್ಲಿ ಏಳು ಬಗೆಗಳಿದ್ದವು. 1998–99ಕ್ಕೆ ಹೋಲಿಸಿದರೆ 2004–05ರ ಹೊತ್ತಿಗೆ ಅಲ್ಲಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋಕಾಕಸ್ ಮೆನಿಂಜೈಟಿಸ್ ಶೇ 64ರಷ್ಟು ಇಳಿಯಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಇಳಿಕೆ ಶೇ 30.

ಅದೇ ಹೊತ್ತಿಗೆ ಲಸಿಕೆಯಲ್ಲಿಲ್ಲದ ಬಗೆಗಳು, ಮುಖ್ಯವಾಗಿ 19ಎ, ಖಾಲಿಯಾದ ಜಾಗಕ್ಕೆ ಬಂದವು. ಗಳಿಸಿದ್ದರಲ್ಲಿ ಒಂದು ಪಾಲನ್ನು ಇದು ಕಸಿದುಕೊಂಡಿತು. 2010ರಲ್ಲಿ ಬಂದ 13 ಬಗೆಗಳ ಲಸಿಕೆ 19ಎಯನ್ನೂ ಒಳಗೊಂಡಿತು. ಈಗ 15 ಮತ್ತು 20 ಬಗೆಗಳ ಲಸಿಕೆಗಳೂ ಇವೆ. ಇದನ್ನು ಲಸಿಕೆಯ ಸೋಲು ಎಂದು ಕೆಲವರು ಬಣ್ಣಿಸುತ್ತಾರೆ, ನಾನು ಒಪ್ಪುವುದಿಲ್ಲ. ಹೊಸ ಬಗೆಗಳು ಬಂದ ಮೇಲೂ ಚಿಕ್ಕ ಮಕ್ಕಳಲ್ಲಿ ಒಟ್ಟು ರೋಗ ಹಿಂದಿಗಿಂತ ಬಹಳ ಕೆಳಗೇ ಉಳಿಯಿತು. ಯಾವ ಬಗೆ ತಲೆಯೆತ್ತುತ್ತಿದೆ ಎಂದು ಪ್ರಯೋಗಾಲಯಗಳು ನಿರಂತರವಾಗಿ ಕಣ್ಣಿಡಬೇಕು ಎಂಬುದಂತೂ ನಿಜ.

ಮೆನಿಂಗೊಕಾಕಸ್ ವಿಷಯವೇನು?

ಸಾಂಕ್ರಾಮಿಕವಾಗಿ ಹರಡಿ ಊರಿಗೆ ಊರನ್ನೇ ಹಿಡಿಯಬಲ್ಲದ್ದು ಇದು. ಆಫ್ರಿಕಾದಲ್ಲಿ ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾದವರೆಗೆ 26 ದೇಶಗಳನ್ನು ಹಾದುಹೋಗುವ ಪಟ್ಟಿಯನ್ನು ಮೆನಿಂಜೈಟಿಸ್ ವಲಯ ಎಂದೇ ಕರೆಯುತ್ತಾರೆ. ಒಣ ಹವೆಯ ತಿಂಗಳುಗಳಲ್ಲಿ, ಧೂಳಿನ ಗಾಳಿ ಬೀಸುವಾಗ, ಅಲ್ಲಿ ರೋಗ ಎದ್ದುಬರುತ್ತದೆ. 1996–97ರ ಅಲೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗುಲಿ ಸುಮಾರು 25,000 ಜನ ಸತ್ತರು. ಬಹುಪಾಲು ಎ ಗುಂಪಿನ ರೋಗಾಣು.

ಆ ದುರಂತದ ನಂತರ ಆ ದೇಶಗಳಿಗೆಂದೇ ಒಂದು ಲಸಿಕೆ ರೂಪುಗೊಂಡಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆರೋಗ್ಯ ಕ್ಷೇತ್ರದ ಲಾಭರಹಿತ ಸಂಸ್ಥೆಯಾದ ಪಾಥ್ ಸೇರಿ ಯೋಜನೆ ನಡೆಸಿದವು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿತು. ಒಂದು ಡೋಸಿನ ಬೆಲೆ ಅರ್ಧ ಡಾಲರಿಗಿಂತ ಕಡಿಮೆ ಇರಬೇಕೆಂಬುದು ಮೊದಲೇ ಹಾಕಿಕೊಂಡ ಗುರಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕೊಳ್ಳಲಾಗದ ಲಸಿಕೆ ಯಾವ ಮಗುವನ್ನೂ ಕಾಯುವುದಿಲ್ಲ. ಮೆನ್‌ಆಫ್ರಿವ್ಯಾಕ್ ಹೆಸರಿನ ಈ ಲಸಿಕೆ 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ದೊಡ್ಡ ಅಭಿಯಾನವಾಗಿ ಹೊರಟಿತು. 1ರಿಂದ 29 ವರ್ಷದವರಿಗೆಲ್ಲ ಕೊಟ್ಟರು. ಮುಂದಿನ ವರ್ಷಗಳಲ್ಲಿ ವಲಯದಾದ್ಯಂತ 30 ಕೋಟಿಗೂ ಹೆಚ್ಚು ಜನ ಪಡೆದರು. 2017ರ ನಂತರ ಆ ವಲಯದಲ್ಲಿ ಎ ಗುಂಪಿನ ಪ್ರಕರಣಗಳು ದೃಢಪಟ್ಟಿಲ್ಲ.

ಆದರೆ ಸಿ, ಡಬ್ಲ್ಯು, ಎಕ್ಸ್ ಗುಂಪುಗಳು ಉಳಿದುಕೊಂಡವು. ಅವುಗಳಿಗಾಗಿ ಎ, ಸಿ, ಡಬ್ಲ್ಯು, ವೈ, ಎಕ್ಸ್ ಐದನ್ನೂ ತಡೆಯುವ ಹೊಸ ಲಸಿಕೆಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. 2024ರಲ್ಲಿ ಅದನ್ನು ಮೊದಲು ಬಳಸಿದ ದೇಶ ನೈಜೀರಿಯಾ.

ಬಿ ಗುಂಪು ಬೇರೆಯೇ ತಲೆನೋವು. ಅದರ ಸಕ್ಕರೆಯ ಕವಚ ನಮ್ಮ ನರಕಣಗಳ ಮೇಲಿರುವ ಒಂದು ವಸ್ತುವನ್ನು ಹೋಲುತ್ತದೆ, ಹಾಗಾಗಿ ದೇಹ ಅದನ್ನು ಶತ್ರುವೆಂದು ಗುರುತಿಸುವುದಿಲ್ಲ. ಕವಚವನ್ನು ಬಿಟ್ಟು ರೋಗಾಣುವಿನ ಮೇಲ್ಮೈಯ ಪ್ರೋಟೀನ್‌ಗಳಿಂದ ಲಸಿಕೆ ಮಾಡಬೇಕಾಯಿತು. 2015ರಲ್ಲಿ ಬ್ರಿಟನ್ ಅದನ್ನು ಎಲ್ಲ ಹಸುಗೂಸುಗಳಿಗೂ ಕೊಡಲು ಆರಂಭಿಸಿತು. ಮೂರು ವರ್ಷಗಳಲ್ಲಿ ಲಸಿಕೆಗೆ ಅರ್ಹರಾದ ವಯೋಗುಂಪಿನಲ್ಲಿ ಬಿ ಗುಂಪಿನ ರೋಗ ಶೇ 75ರಷ್ಟು ತಗ್ಗಿತು.

ಮಕ್ಕಳಿಗೆ ಲಸಿಕೆ ಹಾಕಿದರೆ ಮನೆಯ ಹಿರಿಯರಿಗೂ ರಕ್ಷಣೆ ಸಿಗುತ್ತದೆ ಎನ್ನುತ್ತಾರೆ. ಅದು ಹೇಗೆ?

ಕಾಂಜುಗೇಟ್ ಲಸಿಕೆಗಳು ರೋಗವನ್ನು ತಡೆಯುವುದರ ಜೊತೆಗೆ ಗಂಟಲಿನಲ್ಲಿ ರೋಗಾಣು ನೆಲೆಸುವುದನ್ನೂ ಕಡಿಮೆ ಮಾಡುತ್ತವೆ. ನ್ಯುಮೋಕಾಕಸ್ ಹೆಚ್ಚಾಗಿ ನೆಲೆಸುವುದು ಪುಟ್ಟ ಮಕ್ಕಳ ಮೂಗಿನ ಹಿಂಭಾಗದಲ್ಲಿ. ಅಲ್ಲಿ ಅದಕ್ಕೆ ಜಾಗ ಸಿಗದಿದ್ದರೆ ಅಜ್ಜ ಅಜ್ಜಿಯರಿಗೆ ದಾಟಿಸುವವರೇ ಕಡಿಮೆಯಾಗುತ್ತಾರೆ. ಮೇಲೆ ಹೇಳಿದ ಅಮೆರಿಕದ ಅಂಕಿಅಂಶಗಳಲ್ಲಿ 65 ದಾಟಿದವರ ನ್ಯುಮೋಕಾಕಸ್ ಮೆನಿಂಜೈಟಿಸ್ ಶೇ 54ರಷ್ಟು ಇಳಿಯಿತು. ಆಗ ಆ ಕಾಂಜುಗೇಟ್ ಲಸಿಕೆಯನ್ನು ಕೊಡುತ್ತಿದ್ದದ್ದು ಚಿಕ್ಕ ಮಕ್ಕಳಿಗೆ! ಬ್ರಿಟನ್ನಿನಲ್ಲಿ ಸಿ ಗುಂಪಿನ ಲಸಿಕೆಯ ನಂತರ ಹದಿಹರೆಯದವರ ಗಂಟಲಿನಲ್ಲಿ ಆ ರೋಗಾಣು ಮೂರನೆಯ ಎರಡು ಭಾಗದಷ್ಟು ಕಡಿಮೆಯಾಯಿತು.

ಬಿ ಗುಂಪಿನ ಲಸಿಕೆಗೆ ಈ ಗುಣವಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸಾವಿರಾರು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಲಸಿಕೆ ಪಡೆದವರ ಗಂಟಲಿನಲ್ಲಿಯೂ ರೋಗಾಣುಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು. ಅದು ಪಡೆದವರನ್ನು ಕಾಯುತ್ತದೆ, ಪಕ್ಕದವರನ್ನಲ್ಲ.

ರೋಗ ಇಷ್ಟು ಅಪರೂಪವಾದ ಮೇಲೂ ಲಸಿಕೆ ಮುಂದುವರಿಸಬೇಕೇ?

ಹೌದು. ರೋಗಾಣು ಭೂಮಿಯಿಂದ ಮಾಯವಾಗಿಲ್ಲ. 2008ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಐದು ಮಕ್ಕಳಿಗೆ ಹಿಬ್‌ನ ಗಂಭೀರ ಸೋಂಕು ಬಂತು. ಮೂವರಿಗೆ ಲಸಿಕೆಯೇ ಆಗಿರಲಿಲ್ಲ, ಅವರಲ್ಲಿ ಏಳು ತಿಂಗಳ ಒಂದು ಮಗು ಸತ್ತುಹೋಯಿತು. ಆಗ ದೇಶದಲ್ಲಿ ಲಸಿಕೆಯ ಕೊರತೆಯಿದ್ದು ಬೂಸ್ಟರ್ ಡೋಸ್ ಮುಂದೂಡಿದ್ದರು.

ಬ್ರಿಟನ್ನಿನ ಪಾಠ ಇನ್ನೂ ಸೂಕ್ಷ್ಮವಾದದ್ದು. 1992ರಲ್ಲಿ ಅಲ್ಲಿ ಹಸುಗೂಸುಗಳಿಗೆ ಮೂರು ಡೋಸ್ ಕೊಟ್ಟು, ಎರಡನೆಯ ವರ್ಷದ ಬೂಸ್ಟರ್ ಬೇಡವೆಂದು ತೀರ್ಮಾನಿಸಿದರು. ಮೊದಲಿಗೆ ರೋಗ ಪಾತಾಳಕ್ಕಿಳಿಯಿತು. 1999ರಿಂದ ಮತ್ತೆ ಮೆಲ್ಲನೆ ಏರತೊಡಗಿತು, ಲಸಿಕೆ ಪಡೆದ ಮಕ್ಕಳಲ್ಲಿಯೂ ಕಾಣಿಸಿತು. 2003ರಲ್ಲಿ ಬೂಸ್ಟರ್ ಅಭಿಯಾನ ನಡೆಸಿದ ಮೇಲೆ ಪುನಃ ಇಳಿಯಿತು. “ಇನ್ನೊಂದು ಡೋಸ್ ಏಕೆ, ಮೊದಲೇ ಮೂರು ಆಗಿದೆಯಲ್ಲ” ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಲಸಿಕೆ ಹಾಕಿಸಿದ ಮಕ್ಕಳಿಗೂ ರೋಗ ಬಂದ ಸುದ್ದಿ ಓದಿದೆ. ಹಾಗಾದರೆ ಪ್ರಯೋಜನವೇನು?

ಒಂದು ಲೆಕ್ಕ ಮಾಡಿ ನೋಡೋಣ. ಊಹೆಗೆ, ಒಂದು ಕಡೆ 10,000 ಮಕ್ಕಳಿದ್ದಾರೆ, 9,500 ಮಕ್ಕಳಿಗೆ ಲಸಿಕೆ ಆಗಿದೆ, ಲಸಿಕೆ ನೂರರಲ್ಲಿ 95 ಮಕ್ಕಳನ್ನು ಕಾಯುತ್ತದೆ. ಆಗ ಲಸಿಕೆ ಪಡೆದೂ ರಕ್ಷಣೆ ಸಿಗದವರು 475. ಲಸಿಕೆಯೇ ಪಡೆಯದವರು 500. ರೋಗ ಬಂದರೆ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಲಸಿಕೆ ಪಡೆದವರೇ ಆಗಿರುತ್ತಾರೆ. ಸುದ್ದಿಯಲ್ಲಿ ಇಷ್ಟೇ ಬರುತ್ತದೆ. ಆದರೆ ಒಂದು ಕಡೆ 9,500ರಲ್ಲಿ 475, ಇನ್ನೊಂದು ಕಡೆ 500ಕ್ಕೆ 500. ಲಸಿಕೆ ಪಡೆಯದ ಮಗುವಿನ ಅಪಾಯ 20 ಪಟ್ಟು.

ಇದರ ಜೊತೆಗೆ, ಲಸಿಕೆಯಲ್ಲಿಲ್ಲದ ಬಗೆಯ ರೋಗಾಣುವಿನಿಂದ ರೋಗ ಬಂದಿರಬಹುದು. ರೋಗನಿರೋಧಕ ಶಕ್ತಿಯಲ್ಲಿ ಹುಟ್ಟಿನಿಂದಲೇ ಕೊರತೆಯಿರುವ ಮಗುವಾಗಿರಬಹುದು. ಎಲ್ಲ ಡೋಸ್ ಆದ ಮೇಲೂ ಹಿಬ್ ಬಂದರೆ ವೈದ್ಯರು ಪ್ರತಿಕಾಯಗಳ ಪರೀಕ್ಷೆ ಮಾಡಿಸುವುದು ಅದಕ್ಕಾಗಿಯೇ.

ಲಸಿಕೆಯಿಂದಲೇ ಮೆನಿಂಜೈಟಿಸ್ ಬರುವ ಸಾಧ್ಯತೆ ಇದೆಯೇ?

ಹಿಬ್, ನ್ಯುಮೋಕಾಕಸ್, ಮೆನಿಂಗೊಕಾಕಸ್ ಲಸಿಕೆಗಳಿಂದ ಇಲ್ಲ. ಅವುಗಳಲ್ಲಿ ಜೀವಂತ ರೋಗಾಣು ಇರುವುದಿಲ್ಲ, ಅದರ ತುಣುಕುಗಳು ಮಾತ್ರ. ಚುಚ್ಚಿದ ಜಾಗದಲ್ಲಿ ನೋವು, ಊತ, ಒಂದೆರಡು ದಿನ ಜ್ವರ, ಕಿರಿಕಿರಿ ಸಾಮಾನ್ಯ. ಬಿ ಗುಂಪಿನ ಲಸಿಕೆಯಲ್ಲಿ ಜ್ವರ ಸ್ವಲ್ಪ ಹೆಚ್ಚು.

ಈ ಸಂಶಯಕ್ಕೆ ಒಂದು ನಿಜವಾದ ಹಿನ್ನೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಮಂಪ್ಸ್ ವಿರುದ್ಧದ ಯುರಾಬೆ ಎಂಬ ತಳಿಯ ಜೀವಂತ ಲಸಿಕೆಯಿಂದ ವಿರಳವಾಗಿ ವೈರಸ್ ಬಗೆಯ, ಸೌಮ್ಯವಾದ ಮೆನಿಂಜೈಟಿಸ್ ಬರುತ್ತಿತ್ತು. ನಿಗಾ ವ್ಯವಸ್ಥೆ ಅದನ್ನು ಪತ್ತೆಹಚ್ಚಿತು, ಬ್ರಿಟನ್ 1992ರಲ್ಲಿ ಆ ಲಸಿಕೆಯ ಬಳಕೆ ನಿಲ್ಲಿಸಿ ಬೇರೆ ತಳಿಗೆ ಬದಲಾಯಿಸಿತು.

ನವಜಾತ ಶಿಶುವಿಗೆ ಯಾವ ಲಸಿಕೆ ಕಾಪಾಡುತ್ತದೆ?

ಮೊದಲ ವಾರಗಳ ಮೆನಿಂಜೈಟಿಸ್‌ಗೆ ಕಾರಣವಾಗುವವು ಬೇರೆ: ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್, ಇ. ಕೋಲೈ, ಕೆಲವೊಮ್ಮೆ ಲಿಸ್ಟೀರಿಯಾ. ಮೇಲಿನ ಲಸಿಕೆಗಳು ಇವುಗಳ ಮೇಲೆ ಕೆಲಸ ಮಾಡುವುದಿಲ್ಲ. ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಇರುವ ತಾಯಿಗೆ ಹೆರಿಗೆಯ ಸಮಯದಲ್ಲಿ ಪೆನಿಸಿಲಿನ್ ಕೊಟ್ಟರೆ ಮೊದಲ ವಾರದ ಸೋಂಕು ಬಹಳಷ್ಟು ತಪ್ಪುತ್ತದೆ. ಗರ್ಭಿಣಿಯರಿಗೆ ಕೊಡುವ ಲಸಿಕೆಗಾಗಿ ಸಂಶೋಧನೆ ನಡೆದಿದೆ.

ಹುಟ್ಟಿದಾಗ ಕೊಡುವ ಬಿಸಿಜಿ ಲಸಿಕೆ ಚಿಕ್ಕ ಮಕ್ಕಳನ್ನು ಕ್ಷಯದ ಮೆನಿಂಜೈಟಿಸ್‌ನಿಂದ ಕಾಯುತ್ತದೆ. ಅದೂ ಪ್ರಾಣಾಂತಿಕವಾದದ್ದೇ.

ಒಂದು ಡೋಸ್ ತಪ್ಪಿಹೋಗಿದೆ. ಮೊದಲಿನಿಂದ ಶುರು ಮಾಡಬೇಕೇ?

ಬೇಡ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಲಸಿಕೆ ಕಾರ್ಡ್ ತೆಗೆದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ, ಮಗುವಿನ ವಯಸ್ಸಿಗೆ ತಕ್ಕಂತೆ ಉಳಿದ ಡೋಸ್‌ಗಳನ್ನು ಅಲ್ಲಿನವರು ಹೊಂದಿಸಿ ಕೊಡುತ್ತಾರೆ. ವೇಳಾಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ಗುಲ್ಮ (ಸ್ಪ್ಲೀನ್) ತೆಗೆಸಿದ, ಕಾಕ್ಲಿಯರ್ ಇಂಪ್ಲಾಂಟ್ ಇರುವ ಅಥವಾ ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಕ್ಕಳಿಗೆ ಹೆಚ್ಚುವರಿ ಡೋಸ್ ಬೇಕಾಗಬಹುದು. ಅದನ್ನು ನೀವಾಗಿಯೇ ಕೇಳಿ.

ಎಲ್ಲ ಲಸಿಕೆ ಆಗಿರುವ ಮಗುವಿಗೆ ಜೋರು ಜ್ವರ ಬಂದರೆ ಮೆನಿಂಜೈಟಿಸ್ ಬಗ್ಗೆ ಯೋಚಿಸಬೇಕೇ?

ಸಾಧ್ಯತೆ ಬಹಳ ಕಡಿಮೆ, ಆದರೆ ಲಕ್ಷಣಗಳನ್ನು ಮರೆಯಬೇಡಿ. ದೊಡ್ಡ ಮಕ್ಕಳಲ್ಲಿ ಜ್ವರ, ತೀವ್ರ ತಲೆನೋವು, ವಾಂತಿ, ಕತ್ತು ಬಗ್ಗಿಸಲಾಗದಿರುವುದು, ಬೆಳಕು ಸಹಿಸದಿರುವುದು, ಗೊಂದಲ. ಹಸುಗೂಸುಗಳಲ್ಲಿ ಕತ್ತು ಬಿಗಿಯದೆಯೂ ಇರಬಹುದು. ಮಗು ಹಾಲು ಕುಡಿಯುವುದಿಲ್ಲ, ಎಬ್ಬಿಸಿದರೂ ಕಣ್ಣು ಬಿಡುವುದಿಲ್ಲ, ಕೀರಲು ದನಿಯಲ್ಲಿ ಅಳುತ್ತದೆ, ನೆತ್ತಿ ಉಬ್ಬಿರುತ್ತದೆ. ಎತ್ತಿಕೊಂಡರೆ ಸುಮ್ಮನಾಗುವ ಬದಲು ಇನ್ನಷ್ಟು ಅತ್ತರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅಲುಗಿದಾಗ ಪೊರೆಗಳು ನೋಯುತ್ತಿರಬಹುದು.

ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡರೆ ಪಾರದರ್ಶಕ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದರೂ ಚುಕ್ಕೆ ಮಾಸದಿದ್ದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೊರಡಿ. ಮೈಬಣ್ಣ ಗಾಢವಾಗಿದ್ದರೆ ಅಂಗೈ, ಅಂಗಾಲು, ಕೆಳ ರೆಪ್ಪೆಯ ಒಳಭಾಗ ನೋಡಿ. ಚುಕ್ಕೆ ಬರಲಿ ಎಂದು ಮಾತ್ರ ಕಾಯಬೇಡಿ. ಅನೇಕರಲ್ಲಿ ಅದು ಬರುವುದೇ ಇಲ್ಲ.

ಮನೆಯಲ್ಲಿ ಒಬ್ಬರಿಗೆ ಬಂದರೆ ಉಳಿದವರು ಏನು ಮಾಡಬೇಕು?

ಮೆನಿಂಗೊಕಾಕಸ್ ಎಂದು ತಿಳಿದರೆ ಒಂದೇ ಮನೆಯಲ್ಲಿರುವವರು, ತೀರ ಹತ್ತಿರದ ಒಡನಾಟವಿದ್ದವರು ಆದಷ್ಟು ಬೇಗ, ಸಾಧ್ಯವಾದರೆ 24 ಗಂಟೆಗಳೊಳಗೆ, ಮುಂಜಾಗ್ರತೆಯ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಲಸಿಕೆ ಆಗಿದ್ದವರಿಗೂ ಇದು ಅನ್ವಯಿಸುತ್ತದೆ. ಹಿಬ್ ಆಗಿದ್ದು ಮನೆಯಲ್ಲಿ ಲಸಿಕೆ ಪೂರ್ಣಗೊಳ್ಳದ ಪುಟ್ಟ ಮಗುವಿದ್ದರೆ ಮನೆಯವರೆಲ್ಲರಿಗೂ ಔಷಧ ಕೊಡುತ್ತಾರೆ. ನ್ಯುಮೋಕಾಕಸ್ ಆದರೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಯಾವ ರೋಗಾಣು ಎಂದು ಆಸ್ಪತ್ರೆಯವರನ್ನು ಕೇಳಿ ತಿಳಿದುಕೊಳ್ಳಿ.